‘ಭೂತಕಾಲಂ’ ನೋಡಿ, ಮತ್ತೆ ಜಗಳವಾಡಿ

ರಜೆ ಬಂದರೆ ಉಪ್ಪಳದ ನಮ್ಮ ಮನೆಯಲ್ಲಿ ಒಂದೇ ಜಗಳ: ರಾತ್ರಿ ಯಾವ ಹೆದರಿಕೆಯ ಸಿನಿಮಾ ಹಾಕುವುದು? ಮಕ್ಕಳಿಗೆ ‘ಕಾಂಜ್ಯೂರಿಂಗ್’, ಹಿರಿಯರಿಗೆ ‘ಮಣಿಚಿತ್ರತಾಳ್’. 1993ರ ಆ ಚಿತ್ರ ಒಳ್ಳೆಯದೇ. ಪ್ರೇತ ಎಂದು ಎಲ್ಲರೂ ನಡುಗುವ ಮನೆಗೆ ಮನೋವೈದ್ಯನನ್ನು ಕರೆತಂದಿತು. ಕನ್ನಡದಲ್ಲಿ ‘ಆಪ್ತಮಿತ್ರ’ವೂ ಆಯಿತು. ಆದರೆ ನಾವು ನೆನಪಿಟ್ಟದ್ದು ನಾಗವಲ್ಲಿಯ ಕುಣಿತ ಮಾತ್ರ, ಡಾಕ್ಟರನ್ನು ಮರೆತೇಬಿಟ್ಟೆವು.

ನನ್ನ ಓಟು ರಾಹುಲ್ ಸದಾಶಿವನ್ ಅವರ ‘ಭೂತಕಾಲಂ’ಗೆ (2022). ಖಿನ್ನತೆಯಿಂದ ಬಳಲುವ ತಾಯಿ, ಕೆಲಸ ಸಿಗದ ಮಗ. ಮನೆಯಲ್ಲಿ ಏನೋ ಇದೆ ಎಂದು ಮಗ ಹೇಳಿದರೆ ಅವನಿಗೂ ತಲೆ ಕೆಟ್ಟಿತೆಂದು ಊರವರ ತೀರ್ಮಾನ. ತಾಯಿಯಾಗಿ ರೇವತಿಗೆ ಕೇರಳ ರಾಜ್ಯ ಪ್ರಶಸ್ತಿ ಸುಮ್ಮನೆ ಬಂದದ್ದಲ್ಲ.

“ಅದರಲ್ಲಿ ಪ್ರೇತ ನಿಜವೇ ಅಲ್ವಾ? ನಿಮ್ಮ ಡಾಕ್ಟರ್ ಸೋತರಲ್ಲ!” ಎಂದ ತಮ್ಮನ ಮಗ. ಇರಲಿ ಮಾರಾಯಾ. ನನ್ನನ್ನು ಹೆದರಿಸಿದ್ದು ಪ್ರೇತವಲ್ಲ, ಒಂದೇ ಮಾಡಿನಡಿ ಒಬ್ಬರ ಮಾತನ್ನು ಇನ್ನೊಬ್ಬರು ನಂಬದೆ ಬದುಕುವುದು.

ಜಿನ್ನ್ ಇಲ್ಲ ಎನ್ನುತ್ತಿಲ್ಲ. ಕುರ್‌ಆನಿನಲ್ಲಿ ಆ ಹೆಸರಿನ ಅಧ್ಯಾಯವೇ ಇದೆ. ಆದರೆ ಉಮ್ಮನ ತಂಗಿಗೆ ಜಿನ್ನ್ ಕೂಡಿದೆಯೆಂದು ನಾವು ಮೂರು ವರ್ಷ ನೂಲು ಕಟ್ಟಿಸಿದೆವು, ಮಂತ್ರಿಸಿದ ನೀರು ಕುಡಿಸಿದೆವು. ನಿದ್ದೆ ಬರುವುದಿಲ್ಲ ಎಂದು ಅವರು ಹೇಳುತ್ತಲೇ ಇದ್ದರು. ಅದನ್ನು ಮೊದಲು ಕೇಳಿಸಿಕೊಂಡವರು ಮಂಗಳೂರಿನ ಡಾಕ್ಟರು.

ಕಳೆದ ಪೆರ್ನಾಳಿಗೆ ‘ಭೂತಕಾಲಂ’ ಹಾಕಿದೆ. ಮಕ್ಕಳು ಕಿರುಚಿದರು. ಹಿಂದೆ ಕೂತಿದ್ದ ಅವರು ಹೆದರಲೇ ಇಲ್ಲ. “ಪಾಪ, ಆ ತಾಯಿಗೆ ಒಂದು ಗ್ಲಾಸ್ ಚಾ ಕೊಡುವವರಿಲ್ಲ” ಎಂದರು.