ಕಡಲು ಮಾರಾಟಕ್ಕಿಲ್ಲ, ಆದ್ರೆ ಕಡಲಿನ ದಾರಿ ಮಾರಾಟವಾಗ್ತಿದೆ ಮಾರಾಯ್ರೆ!

ಗ್ರೀಸ್ ದೇಶದ ದ್ವೀಪಗಳಲ್ಲಿರೋ ಐಷಾರಾಮಿ ವಿಲ್ಲಾಗಳ ಜಾಹೀರಾತು ನೋಡಿದ್ದೀರಾ? ಬಿಳಿ ಗೋಡೆ, ನೀಲಿ ಈಜುಕೊಳ, ಅದರಾಚೆ ಇನ್ನೂ ನೀಲಿ ಸಮುದ್ರ. ಒಂದು ನರಪಿಳ್ಳೆಯೂ ಇಲ್ಲ! ಈಗ ಅದೇ ಭಾಷೆ ನಮ್ಮ ಕರಾವಳಿಗೂ ಬಂದಿದೆ. ‘ಸೀ ಫೇಸಿಂಗ್’, ‘ರಿವರ್ ಫ್ರಂಟ್’, ‘ಪ್ರೈವೇಟ್ ಬೀಚ್’....

ಮೊದಲ ಎರಡರ ಬಗ್ಗೆ ನನ್ನ ತಕರಾರಿಲ್ಲ. ದುಡ್ಡಿದ್ದವರು ಕಿಟಕಿಯನ್ನು ಯಾವ ದಿಕ್ಕಿಗೆ ಬೇಕಾದರೂ ಇಟ್ಟುಕೊಳ್ಳಲಿ. ಮೂರನೆಯದು ಮಾತ್ರ ಶುದ್ಧ ಸುಳ್ಳು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಸೆಕ್ಷನ್ ಓದಿ. ಉಬ್ಬರದ ಗೆರೆಯಿಂದ ಕೆಳಗಿನ ಕಡಲ ತಳ ಸರ್ಕಾರದ್ದು. ಸಮುದ್ರತೀರದಂಥ ಸಂಪತ್ತಿಗೆ ಸರ್ಕಾರ ಬರೀ ಟ್ರಸ್ಟಿ, ಅದು ಎಲ್ಲರ ಬಳಕೆಗೆ ಇರುವಂಥದ್ದು ಅಂತ ಸುಪ್ರೀಂ ಕೋರ್ಟ್ 1996ರಲ್ಲೇ, ಎಂ.ಸಿ. ಮೆಹ್ತಾ - ಕಮಲ್ ನಾಥ್ ಪ್ರಕರಣದಲ್ಲಿ ಹೇಳಿದೆ. ಅಲೆ ಬಂದು ಹೋಗುವ ಮರಳಿಗೆ ಯಾರ ಹೆಸರಲ್ಲೂ ಆರ್‌ಟಿಸಿ ಇಲ್ಲ ಸ್ವಾಮಿ.

ಹಾಗಾದ್ರೆ ಮಾರ್ತಿರೋದು ಏನನ್ನು? ದಾರಿಯನ್ನು!

ನಮ್ಮ ಕಡೆ ಕಡಲಿಗೆ ಹೋಗೋದು ಹೇಗೆ ಅಂತ ನಿಮಗೆ ಗೊತ್ತು. ಎರಡು ತೆಂಗಿನ ತೋಟದ ಬೇಲಿ ಮಧ್ಯೆ ಒಂದು ಓಣಿ. ಅಲ್ಲಿ ಬೋರ್ಡಿಲ್ಲ, ಡಾಂಬರಿಲ್ಲ. ಅಜ್ಜನ ಕಾಲದಿಂದ ಜನ ನಡೆದದ್ದರಿಂದ ಆದ ದಾರಿ ಅದು. ಒಬ್ಬನೇ ಖರೀದಿದಾರ ಅಕ್ಕಪಕ್ಕದ ತೋಟಗಳನ್ನೆಲ್ಲ ಕೊಂಡ ದಿನ ಆ ಓಣಿ ಅವನ ‘ಒಳಗೆ’ ಸೇರಿಹೋಗುತ್ತದೆ. ಆಮೇಲೆ ಕಾಂಪೌಂಡು, ಗೇಟು, ಗೂರ್ಖಾ. ಇದು ವಿಲ್ಲಾ ಕಟ್ಟುವಾಗ ಆಕಸ್ಮಿಕವಾಗಿ ಆಗುವ ತೊಂದರೆ ಅಂದ್ಕೋಬೇಡಿ. ಜಾಹೀರಾತಿನ ಚಿತ್ರದಲ್ಲಿ ನರಪಿಳ್ಳೆ ಇಲ್ಲ ಅಂದೆನಲ್ಲ, ಕೋಟಿ ಬೆಲೆ ಇರೋದು ಅದಕ್ಕೇ. ಅವರು ಮಾರುವ ಮಾಲೇ ‘ನೀವು ಅಲ್ಲಿ ಇರುವುದಿಲ್ಲ’ ಅನ್ನೋದು.

ನಾವು ಅಲ್ಲಿ ಯಾಕಿರಬೇಕು? ಕೈರಂಪಣಿ ನೋಡಿದವರಿಗೆ ವಿವರಿಸಬೇಕಿಲ್ಲ. ದೋಣಿ ಅರ್ಧವೃತ್ತ ಹೊಡೆದು ಬಲೆ ಬಿಡುತ್ತದೆ, ಎರಡೂ ತುದಿಯನ್ನು ದಡದಿಂದ ಜನ ಎಳೆಯಬೇಕು. ಮರಳೇ ಅವರ ಫ್ಯಾಕ್ಟರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ. ಪ್ರವಾಸಿಗಳಿಲ್ಲದ ಆ ಮಳೆಗಾಲದಲ್ಲೇ ನಾಡದೋಣಿಯವರಿಗೆ ದಡ ಬೇಕಾಗೋದು. ಮೀನುಗಾರರಿಗೆ ಮಾತ್ರವಾ? ಕಾರ್ಕಳದವರಿಗೆ ಸಮುದ್ರ ಇಲ್ಲ, ಮಣಿಪಾಲದವರಿಗೆ ಕಾಣುತ್ತದೆ ಅಷ್ಟೆ. ಆದರೆ ಅಮಾವಾಸ್ಯೆಯ ಸಮುದ್ರಸ್ನಾನಕ್ಕೆ, ಹಿರಿಯರ ಅಸ್ಥಿ ಬಿಡಲಿಕ್ಕೆ, ಮಕ್ಕಳ ರಜೆಗೆ ಅವರೂ ಬರಬೇಕಾದ್ದು ಮಲ್ಪೆಗೆ, ಕಾಪುವಿಗೆ.

ಕಾನೂನು ಇಲ್ವಾ? ಇದೆ. ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್‌ನ 1991 ಮತ್ತು 2011ರ ಅಧಿಸೂಚನೆಗಳೆರಡರಲ್ಲೂ ಒಂದು ಷರತ್ತಿದೆ. ಎರಡು ಬೀಚ್ ರೆಸಾರ್ಟುಗಳ ನಡುವೆ ಜನ ಕಡಲಿಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು. 20 ಮೀಟರ್! ನಮ್ಮ ಎಷ್ಟು ಓಣಿಯಲ್ಲಿ ಎರಡು ಬೈಕ್ ಎದುರಾದರೆ ದಾಟಬಹುದು, ಹೇಳಿ ನೋಡೋಣ.

ಅತ್ತ ನಿಯಮವೇ ಸಡಿಲವಾಗುತ್ತಿದೆ. ಹಳ್ಳಿಗಾಡಿನ ದಡದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಇದ್ದ ನಿರ್ಮಾಣ ನಿಷೇಧ, 2019ರ ಅಧಿಸೂಚನೆಯಲ್ಲಿ ಜನಸಾಂದ್ರತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚಿರುವ ಕಡೆ 50 ಮೀಟರಿಗೆ ಇಳಿಯಿತು. ಹಿನ್ನೀರಿನ ದ್ವೀಪಗಳಿಗೆ ಬರೀ 20 ಮೀಟರ್. ನಮ್ಮ ಸುವರ್ಣಾ ನದಿಯ ಕುದ್ರುಗಳನ್ನು ನೆನೆಸಿಕೊಳ್ಳಿ. ಕೆಮ್ಮಣ್ಣಿನ ತೂಗುಸೇತುವೆ ದಾಟಿ ಸಿಗುವ ಆ ಹಸಿರು ತುಂಡುಗಳೇ ನಾಳೆ ನಮ್ಮ ‘ಗ್ರೀಕ್ ದ್ವೀಪ’!

ಅತಿಯಾಯ್ತು ಅಂತೀರಾ? ಕೇರಳದ ವೆಂಬನಾಡು ಸರೋವರದ ನೆಡಿಯತುರುತ್ತು ದ್ವೀಪದಲ್ಲಿ ಕಾಪಿಕೊ ರೆಸಾರ್ಟ್ 54 ವಿಲ್ಲಾ ಕಟ್ಟಿತು. ಕೆಡವಿ ಅಂತ ಹೈಕೋರ್ಟ್ ಹೇಳಿದ್ದು 2013ರಲ್ಲಿ. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು ಜನವರಿ 2020ರಲ್ಲಿ. ಕೆಡವಲು ಶುರುಮಾಡಿದ್ದು ಸೆಪ್ಟೆಂಬರ್ 2022ರಲ್ಲಿ. ಅಂದರೆ ಗೆದ್ದ ಮೇಲೂ ಒಂಬತ್ತು ವರ್ಷ! ಕಟ್ಟಿದ ಮೇಲೆ ಕೂಗಿ ಪ್ರಯೋಜನ ಕಡಿಮೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

‘ಉದ್ಯೋಗ ಬರುತ್ತಲ್ಲ ಮಾರಾಯ’ ಅನ್ನುವವರಿಗೆ ಒಂದು ಮಾತು. ನಾನು ಪ್ರವಾಸೋದ್ಯಮದ ವೈರಿಯಲ್ಲ. ಊರಿನವರೇ ನಡೆಸುವ ಹೋಂಸ್ಟೇ ಇರಲಿ. ಅಲ್ಲಿ ಅತಿಥಿ ಊರೊಳಗೆ ಬರುತ್ತಾನೆ, ಊರನ್ನು ಹೊರಗೆ ಹಾಕುವುದಿಲ್ಲ. ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿಟ್ಟ ವಿಲ್ಲಾದಿಂದ ಎಷ್ಟು ಉದ್ಯೋಗ? ಒಬ್ಬ ವಾಚ್‌ಮನ್, ಒಬ್ಬ ಹುಲ್ಲು ಕತ್ತರಿಸುವವ.

‘ಮಾರುವವರೇ ನಮ್ಮವರು’ ಅನ್ನೋದೂ ನಿಜ. 1974ರ ಭೂಸುಧಾರಣೆಯಿಂದ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಗೇಣಿದಾರ ಒಡೆಯನಾದ. 2020ರ ತಿದ್ದುಪಡಿಯಿಂದ ಕೃಷಿಕನಲ್ಲದವನೂ ಕೃಷಿಭೂಮಿ ಕೊಳ್ಳಬಹುದು ಅಂತಾಯ್ತು. ಮಗಳ ಮದುವೆ, ಆಸ್ಪತ್ರೆ ಖರ್ಚು.... ಮಾರುವವನ ಕಷ್ಟ ಅವನಿಗೇ ಗೊತ್ತು, ನಾನು ಅವನನ್ನು ಬೈಯಲಾರೆ. ಆದರೆ ಅವನು ಮಾರಬಹುದಾದ್ದು ಅವನ ತೋಟ. ಓಣಿ ಅವನದಲ್ಲ, ಊರಿನದು.

ಆ ಗ್ರೀಸ್‌ನಲ್ಲೂ ಜನ ಸುಮ್ಮನಿಲ್ಲ ನೋಡಿ. 2023ರ ಬೇಸಿಗೆಯಲ್ಲಿ ಪಾರೊಸ್ ದ್ವೀಪದ ಜನ, ದುಡ್ಡು ಕೊಟ್ಟವರ ಆರಾಮಕುರ್ಚಿಗಳೇ ತುಂಬಿದ್ದ ಬೀಚುಗಳಲ್ಲಿ ಪ್ರತಿಭಟನೆಗಿಳಿದರು. ಟವೆಲ್ ಹಾಸಲು ಜಾಗ ಬೇಕು ಅನ್ನೋದೇ ಬೇಡಿಕೆ. ‘ಟವೆಲ್ ಚಳವಳಿ’ ಅಂತಲೇ ಅದಕ್ಕೆ ಹೆಸರಾಯ್ತು. ನಮ್ಮವರ ಹೆಗಲ ಮೇಲೆ ಬೈರಾಸು ಯಾವಾಗ್ಲೂ ಇದೆ, ಹಾಸುವ ಧೈರ್ಯ ಬೇಕಷ್ಟೆ!

ಈಗಲೇ ಮಾಡಬಹುದಾದ ಕೆಲಸ ಹೇಳ್ತೇನೆ. ನಿಮ್ಮೂರಿನ ಗ್ರಾಮನಕ್ಷೆ ತೆಗೆಸಿ, ಕಡಲಿಗೆ, ಹೊಳೆಗೆ ಹೋಗುವ ದಾರಿಗಳನ್ನು ಗುರುತಿಸಿ. ನಕ್ಷೆಯಲ್ಲಿ ಇಲ್ಲದ ಓಣಿಗಳನ್ನು ಪಂಚಾಯ್ತಿ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಅಡೆತಡೆ ಇಲ್ಲದೆ, ಹಕ್ಕಿನಿಂದ 20 ವರ್ಷ ನಡೆದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆಯ ರಕ್ಷಣೆ ಇದೆ. ಆದರೆ ದಾರಿ ಮುಚ್ಚಿದರೆ ಎರಡು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ‘ನೋಡುವಾ’ ಅಂತ ಕೂತರೆ ಹಕ್ಕೂ ಹೋಯ್ತು, ಕಡಲೂ ಹೋಯ್ತು.

ನಿಮ್ಮೂರಲ್ಲಿ ಎಷ್ಟು ಓಣಿ ಉಳಿದಿವೆ? ಒಮ್ಮೆ ಎಣಿಸಿ ಬನ್ನಿ.