ಮೌನ ಸಮ್ಮತಿಯಲ್ಲ

ಮೌನಂ ಸಮ್ಮತಿ ಲಕ್ಷಣಂ ಎಂಬ ಹಳೆಯ ಮಾತನ್ನು ಈ ಕಾಲದಲ್ಲಿ ಅತ್ಯಂತ ನಿಷ್ಠೆಯಿಂದ ಪಾಲಿಸುತ್ತಿರುವವರು ಸಾಫ್ಟ್‌ವೇರ್ ಕಂಪೆನಿಗಳವರು. ನಾವು ಬೇಡವೆನ್ನಲಿಲ್ಲ, ಆದ್ದರಿಂದ ಒಪ್ಪಿದ್ದೇವೆ ಎಂಬುದು ಅವರ ಲೆಕ್ಕ.

ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿರುವಾಗ ಯಾವುದಾದರೂ ಪ್ರೋಗ್ರಾಂ ಹಠಾತ್ತನೆ ಕುಸಿದರೆ, ಯಂತ್ರವು ಆ ಬಗ್ಗೆ ವರದಿಯೊಂದನ್ನು ಸಿದ್ಧಪಡಿಸಿ ಕಂಪೆನಿಗೆ ರವಾನಿಸುತ್ತದೆ. ಇದೇ ಕ್ರ್ಯಾಶ್ ರಿಪೋರ್ಟ್. ಯಂತ್ರ ಎಂಥದು, ಯಾವ ಪ್ರೋಗ್ರಾಂ ಕೆಟ್ಟಿತು ಎಂಬುದಷ್ಟೇ ಅದರಲ್ಲಿದ್ದರೆ ನಮ್ಮ ತಕರಾರಿರಲಿಲ್ಲ. ಆದರೆ ವಿಸ್ತೃತ ವರದಿಯಲ್ಲಿ ಆ ಕ್ಷಣದ ಮೆಮೊರಿಯ ಪ್ರತಿಯೂ ಹೋಗಬಹುದು. ಆಗ ತೆರೆದಿದ್ದ ಕಡತದ ಭಾಗಗಳೂ ಅರಿವಿಲ್ಲದೆ ಅದರಲ್ಲಿ ಸೇರಿರಬಹುದು. ಇದು ನಮ್ಮ ಊಹೆಯಲ್ಲ, ಮೈಕ್ರೋಸಾಫ್ಟ್ ತಾನೇ ಬರೆದು ಒಪ್ಪಿಕೊಂಡಿರುವ ಮಾತು. ಆ ಕಡತ ವಕೀಲರ ಕಕ್ಷಿದಾರನ ಅರ್ಜಿಯಾಗಿರಬಹುದು, ವೈದ್ಯರ ರೋಗಿಯ ವಿವರವಾಗಿರಬಹುದು, ಮಗಳೊಬ್ಬಳು ತವರಿಗೆ ಬರೆಯುತ್ತಿದ್ದ ಪತ್ರವಾಗಿರಬಹುದು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕೇಳುವ ಸೌಜನ್ಯವನ್ನಾದರೂ ತೋರುತ್ತಿತ್ತು: ಕಳಿಸಲೇ, ಬೇಡವೇ? ನಂತರದ ಆವೃತ್ತಿಗಳಲ್ಲಿ ಆ ಪ್ರಶ್ನೆ ಮರೆಯಾಗುತ್ತಾ ಬಂತು. ಈ ವರದಿಗಳ ಮೇಲೆ ಯಾರ ಕಣ್ಣಿತ್ತು ಎಂಬುದು 2013ರ ಡಿಸೆಂಬರಿನಲ್ಲಿ ಬಯಲಾಯಿತು. ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ ಇವನ್ನು ದಾರಿಯಲ್ಲೇ ಹಿಡಿದು, ತಾನು ಗುರಿಯಿಟ್ಟವರ ಯಂತ್ರದ ದೌರ್ಬಲ್ಯಗಳನ್ನು ಅರಿಯಲು ಬಳಸುತ್ತಿತ್ತೆಂದು ಜರ್ಮನಿಯ ಡೆರ್ ಶ್ಪೀಗೆಲ್ ಪತ್ರಿಕೆ ದಾಖಲೆಗಳ ಸಮೇತ ಪ್ರಕಟಿಸಿತು.

ವರದಿ ಬಾರದಿದ್ದರೆ ದೋಷ ತಿದ್ದುವುದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಒಟ್ಟು ದೋಷಗಳಲ್ಲಿ ಶೇ. 1ರಷ್ಟು ಮಾತ್ರವೇ ಅರ್ಧದಷ್ಟು ತೊಂದರೆಗಳಿಗೆ ಕಾರಣವೆಂದು 2002ರಲ್ಲಿ ಹೇಳಿದವರು ಮೈಕ್ರೋಸಾಫ್ಟ್‌ನ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಲ್ಮರ್. ಅಷ್ಟು ಎದ್ದು ಕಾಣುವ ದೋಷಗಳನ್ನು ಪತ್ತೆಹಚ್ಚಲು ಮನಃಪೂರ್ವಕವಾಗಿ ವರದಿ ಕಳಿಸುವವರೇ ಸಾಲದೇ? ಈಗ ವರದಿಗಳು ಗೂಢಲಿಪಿಯಲ್ಲಿ ಹೋಗುತ್ತವೆ ಎಂಬುದೂ ನಿಜ. ಆದರೆ ಲಕೋಟೆಗೆ ಅರಗು ಹಚ್ಚಿದ ಮಾತ್ರಕ್ಕೆ ಕೇಳದೆ ಒಯ್ದದ್ದು ಸರಿಯಾಗುವುದಿಲ್ಲ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಸಮ್ಮತಿಯೆಂದರೆ ವಿಷಯ ತಿಳಿದು, ಸ್ವಇಚ್ಛೆಯಿಂದ, ಸ್ಪಷ್ಟ ಕ್ರಿಯೆಯ ಮೂಲಕ ಕೊಡುವಂಥದ್ದು. ಮೊದಲೇ ಒತ್ತಿಟ್ಟ ಗುಂಡಿ ನಮ್ಮ ಕ್ರಿಯೆ ಹೇಗಾದೀತು?

ಆದ್ದರಿಂದ ಅದನ್ನು ಆರಿಸೋಣ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಪ್ರೈವಸಿ ಅಂಡ್ ಸೆಕ್ಯೂರಿಟಿಯೊಳಗಿನ ಡಯಾಗ್ನೋಸ್ಟಿಕ್ಸ್ ಅಂಡ್ ಫೀಡ್‌ಬ್ಯಾಕ್‌ನಲ್ಲಿ ಆಪ್ಷನಲ್ ಡೇಟಾ ಕಳಿಸುವುದನ್ನು ನಿಲ್ಲಿಸಬೇಕು. ಸರ್ವಿಸಸ್ ಪಟ್ಟಿಯಲ್ಲಿ ವಿಂಡೋಸ್ ಎರರ್ ರಿಪೋರ್ಟಿಂಗ್ ಸರ್ವಿಸನ್ನು ಡಿಸೇಬಲ್ಡ್ ಮಾಡಬೇಕು. ಮ್ಯಾಕ್ ಉಳ್ಳವರು ಅನಲಿಟಿಕ್ಸ್ ಅಂಡ್ ಇಂಪ್ರೂವ್‌ಮೆಂಟ್ಸ್‌ನಲ್ಲಿ ಶೇರ್ ಮ್ಯಾಕ್ ಅನಲಿಟಿಕ್ಸ್ ಆರಿಸಿದರಾಯಿತು. ಇಷ್ಟಾದರೂ ವಿಂಡೋಸ್‌ನ ಮನೆಬಳಕೆಯ ಆವೃತ್ತಿಯಲ್ಲಿ ‘ರಿಕ್ವೈರ್ಡ್’ ಎಂಬ ಹೆಸರಿನ ಮಾಹಿತಿಯನ್ನು ತಡೆಯುವ ಗುಂಡಿಯೇ ಇಲ್ಲ. ದುಡ್ಡು ಕೊಟ್ಟು ತಂದ ಯಂತ್ರದಲ್ಲಿ ಯಜಮಾನನಿಗೆ ಇಲ್ಲದ ಅಧಿಕಾರ ಕಂಪೆನಿಗೆ ಹೇಗೆ ಬಂತು?

ನೆರವು ಕೇಳಿದರೆ ಕೊಡುವ ಜನ ನಾವು. ಬಾಗಿಲು ತಟ್ಟಿ ಕೇಳಲಿ ಎಂಬುದಷ್ಟೇ ನಮ್ಮ ಹಟ.