ಹೆರಾತ್‌ನ ಬೆಂಕಿಯಲ್ಲಿ ಬೆಂದದ್ದೇನು?

2023ರ ಜುಲೈಯಲ್ಲಿ ಅಫ್ಘಾನಿಸ್ತಾನದ ಹೆರಾತ್ ಪ್ರಾಂತದಲ್ಲಿ ತಾಲಿಬಾನ್ ಅಧಿಕಾರಿಗಳು ಹಾರ್ಮೋನಿಯಂ, ತಬಲಾ, ಗಿಟಾರ್‌ಗಳನ್ನು ರಾಶಿ ಹಾಕಿ ಸುಟ್ಟರು. ಸಂಗೀತವು ಯುವಕರನ್ನು ದಾರಿ ತಪ್ಪಿಸುತ್ತದೆ ಎಂಬುದು ಅವರ ಸಮರ್ಥನೆ. ಚಿಶ್ತಿ ಸೂಫಿ ಪರಂಪರೆಗೆ ಹೆಸರು ಕೊಟ್ಟ ಚಿಶ್ತ್ ಎಂಬ ಊರು ಇರುವುದೂ ಇದೇ ಪ್ರಾಂತದಲ್ಲಿ. ಆ ಪರಂಪರೆಯ ಅಜ್ಮೀರ್ ದರ್ಗಾದಲ್ಲಿ ಇಂದಿಗೂ ಹಾರ್ಮೋನಿಯಂ ನುಡಿಸಿ ಕವ್ವಾಲಿ ಹಾಡುತ್ತಾರೆ.

ಸಂಗೀತದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ನಿಜ. ನಿಷಿದ್ಧವೆಂದವರು ಅನೇಕರು. ಆದರೆ ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ಈ ವಿಷಯಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಷರತ್ತುಗಳೊಂದಿಗೆ ಅನುಮತಿಸಿದರು. ಇಬ್ನ್ ಹಝ್ಮ್ ವಾದ್ಯಗಳನ್ನೂ ಅನುಮತಿಸಿದರು. ಶತಮಾನಗಳಿಂದ ವಿದ್ವಾಂಸರು ಚರ್ಚಿಸುತ್ತಾ ಬಂದಿರುವ ವಿಷಯದಲ್ಲಿ ಬಂದೂಕಿನಿಂದ ತೀರ್ಪು ನೀಡುವ ಅಧಿಕಾರವನ್ನು ಇವರಿಗೆ ಕೊಟ್ಟವರಾರು? ಕೇಳಲು ಮನಸ್ಸಿಲ್ಲದವರು ಕೇಳದಿರಲಿ, ಅಷ್ಟೇ.

ಅಹ್ಮದ್ ಸರ್ಮಸ್ತ್ ಅವರು 2010ರಲ್ಲಿ ಕಾಬೂಲ್‌ನಲ್ಲಿ ರಾಷ್ಟ್ರೀಯ ಸಂಗೀತ ಸಂಸ್ಥೆಯನ್ನು ಆರಂಭಿಸಿದರು. ಬೀದಿಯಲ್ಲಿ ಮಾರಾಟ ಮಾಡಿ ಬದುಕುತ್ತಿದ್ದ ಮಕ್ಕಳಿಗೆ, ಅನಾಥರಿಗೆ, ಹೆಣ್ಣುಮಕ್ಕಳಿಗೆ ಅಲ್ಲಿ ಸ್ಥಾನವಿತ್ತು. 2014ರ ಡಿಸೆಂಬರ್‌ನಲ್ಲಿ ಸಭಾಂಗಣವೊಂದರಲ್ಲಿ ನಡೆದ ಆತ್ಮಾಹುತಿ ದಾಳಿಯಲ್ಲಿ ಅವರ ಶ್ರವಣಶಕ್ತಿಗೇ ಪೆಟ್ಟು ಬಿತ್ತು. ಚಿಕಿತ್ಸೆ ಪಡೆದು ಅವರು ಮರಳಿ ಬಂದು ಪಾಠ ಮುಂದುವರಿಸಿದರು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲನ್ನು ವಶಪಡಿಸಿಕೊಂಡಾಗ ಸಂಸ್ಥೆ ಮುಚ್ಚಿತು. ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಅವರ ಕುಟುಂಬದವರಾಗಿ 273 ಮಂದಿ ಪೋರ್ಚುಗಲ್‌ಗೆ ವಲಸೆ ಹೋದರು. ಅಫ್ಘಾನ್ ಸಂಗೀತದ ಪುನರುಜ್ಜೀವನ ಈಗ ನಡೆಯುತ್ತಿರುವುದು ಪರದೇಶದಲ್ಲಿ.

‘ತಾಲಿಬಾನನ್ನು ಟೀಕಿಸುವವರು ಅಮೆರಿಕದ ವಕ್ತಾರರು’ ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. 20 ವರ್ಷ ಬಾಂಬು ಸುರಿಸಿ, ಹೊರಟ ಬಳಿಕ ಆ ಬಡ ದೇಶದ ಸುಮಾರು 700 ಕೋಟಿ ಡಾಲರ್ ಮೀಸಲು ನಿಧಿಯನ್ನು ತಡೆಹಿಡಿದ ಅಮೆರಿಕವನ್ನು ಸಮರ್ಥಿಸುವ ಅಗತ್ಯ ಯಾರಿಗೂ ಇಲ್ಲ. ಆದರೆ ತಬಲಾ ಸುಟ್ಟರೆ ಸಾಮ್ರಾಜ್ಯಶಾಹಿ ಸುಡುತ್ತದೆಯೇ? ಆ ಬೆಂಕಿಯಿಂದ ಹಸಿದ ಒಂದು ಮಗುವಿಗಾದರೂ ರೊಟ್ಟಿ ಸಿಕ್ಕಿತೇ? ಬೆಂಕಿಯಲ್ಲಿ ಬೆಂದದ್ದು ಬಡ ಕಲಾವಿದನ ಅನ್ನ. 1860ರ ದಶಕದಲ್ಲಿ ಹಿಂದೂಸ್ತಾನದಿಂದ ಹೋದ ಆಸ್ಥಾನ ಸಂಗೀತಗಾರರು ನೆಲೆಸಿದ ಕಾಬೂಲ್‌ನ ಖರಾಬಾತ್ ಕೇರಿಯಲ್ಲಿ ವಿದ್ಯೆ ಉಸ್ತಾದರಿಂದ ಶಿಷ್ಯನಿಗೆ ಬಾಯಿಂದ ಬಾಯಿಗೆ ಬಂದದ್ದು. ಸುಟ್ಟ ವಾದ್ಯವನ್ನು ಮತ್ತೆ ಮಾಡಬಹುದು. ಚದುರಿಹೋದ ಉಸ್ತಾದರನ್ನು ಎಲ್ಲಿಂದ ತರುವುದು?

ನಮ್ಮ ಸರೋದ್‌ನ ಪೂರ್ವಜ ಅಫ್ಘಾನರ ರುಬಾಬ್. ಅದನ್ನು ತಯಾರಿಸುವ, ನುಡಿಸುವ ಕಲೆಯನ್ನು 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಇರಾನ್, ತಜಿಕಿಸ್ತಾನ್, ಉಜ್ಬೇಕಿಸ್ತಾನ್‌ಗಳ ಜೊತೆಗೆ ಅಫ್ಘಾನಿಸ್ತಾನದ ಹೆಸರೂ ಇದೆ.